ಎಳ್ಳು ಬೀರಿದ ಸಂಶಯಾಸ್ಪದ ವ್ಯಕ್ತಿ

ನಮ್ಮ ಮನೆಯ ಕರೆಗಂಟೆಗೆ ಕ್ಯಾಮೆರಾದ ಕಣ್ಣು ಬಂದು ಎರಡು ವರ್ಷವಾಯಿತು. ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಎಳೆದಿಟ್ಟು ಬರಲು ನಾನು ಹೊಸ್ತಿಲು ದಾಟಿದರೆ ಸಾಕು, ಜೇಬಿನಲ್ಲಿರುವ ಫೋನು ನಡುಗಿ, ‘ನಿಮ್ಮ ಬಾಗಿಲಲ್ಲಿ ಒಬ್ಬ ವ್ಯಕ್ತಿ ಇದ್ದಾರೆ’ ಎಂದು ನನ್ನ ಮೇಲೆ ನನಗೇ ಚಾಡಿ ಹೇಳುತ್ತದೆ. ನಾಲ್ಕು ಹೆಜ್ಜೆ ಆಚೆ ಹೋದೊಡನೆ ‘ಆ ವ್ಯಕ್ತಿ ಹೊರಟುಹೋದರು’ ಎಂದು ಸಮಾಧಾನವನ್ನೂ ಹೇಳುತ್ತದೆ. ಐವತ್ತಮೂರು ವರ್ಷದ ಬಾಳಿನಲ್ಲಿ ನಾನೊಬ್ಬ ವ್ಯಕ್ತಿಯೆಂಬುದನ್ನು ಇಷ್ಟು ನಿಯಮಿತವಾಗಿ ಒಪ್ಪಿಕೊಂಡದ್ದು ಇದೊಂದೇ ಆದ್ದರಿಂದ, ಅದರ ಮೇಲೆ ನನಗೆ ಸ್ವಲ್ಪ ಪ್ರೀತಿಯೂ ಇದೆ.

ಡಾಲಸ್ಸಿನ ಗದ್ದಲ ಮುಗಿದು, ಪ್ಲೇನೋ ದಾಟಿದ ಮೇಲೆ ಸಿಗುವ ಮರ್ಫಿ ಎಂಬ ಸಾಧು ಊರಿನಲ್ಲಿ ನಮ್ಮ ಹಾಥಾರ್ನ್ ಗ್ರೀನ್ ಇದೆ. ಮೂರೇ ಬೀದಿ, ನಲವತ್ತೊಂದು ಮನೆ, ಬಾತುಕೋಳಿಗಳಿರುವ ಒಂದು ಕೊಳ. ಬೀದಿಗಳಿಗೆಲ್ಲ ಇಂಗ್ಲೆಂಡಿನ ಸೀಮೆಗಳ ಹೆಸರು. ನಾವಿರುವುದು ಕೆಂಟ್ ಲೇನಿನಲ್ಲಿ. ಇಲ್ಲಿ ಕೆಂಟ್ ಕಂಡವರು ಯಾರೂ ಇಲ್ಲ, ಹಾಥಾರ್ನ್ ಎಂಬ ಗಿಡ ಹುಡುಕಿದರೂ ಸಿಗುವುದಿಲ್ಲ, ಇನ್ನು ಗ್ರೀನ್ ಎಂಬುದು ಟೆಕ್ಸಸ್ಸಿನ ಆಗಸ್ಟ್ ತಿಂಗಳಲ್ಲಿ ಶುದ್ಧ ಕವಿಸಮಯ. ಇಂಥ ಆಂಗ್ಲ ಅಗ್ರಹಾರದ ಅಪರಾಧಗಳ ಲೆಕ್ಕವಿಡುವ ಮಹತ್ಕಾರ್ಯ ನನ್ನ ಪಾಲಿಗೆ ಬಂದದ್ದು ಒಂದು ಭಾಷಾದೋಷದಿಂದ. ಸುರಕ್ಷಾ ಸಮಿತಿಯ ಕಾರ್ಯದರ್ಶಿಯಾಗುತ್ತೀರಾ ಎಂದು ಸಮಿತಿಯ ಅಧ್ಯಕ್ಷೆ ಡೋರಿಸ್ ಕೇಳಿದಾಗ, ನಾನು ಮೈಸೂರಿನ ಸಭ್ಯ ಪದ್ಧತಿಯಂತೆ ‘ನೋಡೋಣ’ ಎಂಬುದನ್ನು ‘ಐ ವಿಲ್ ಸೀ’ ಎಂದು ಇಂಗ್ಲಿಷಿಗಿಳಿಸಿದೆ. ನಮ್ಮಲ್ಲಿ ‘ನೋಡೋಣ’ ಎಂದರೆ ಜನ್ಮದಲ್ಲಿ ಆಗದು ಎಂದರ್ಥ ಎಂಬುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಅದನ್ನು ‘ಎಲ್ಲ ನಾನು ನೋಡಿಕೊಳ್ಳುತ್ತೇನೆ’ ಎಂದು ತಿಳಿದು ಚಪ್ಪಾಳೆ ತಟ್ಟಿದರು.

ಕೆಲಸವೇನೂ ಕಠಿಣವಲ್ಲ. ತಿಂಗಳಿಗೊಮ್ಮೆ ಒಂದು ಪುಟದ ಅಪರಾಧ ವರದಿ. ಅಪರಾಧವೊಂದನ್ನು ಬಿಟ್ಟು ಮಿಕ್ಕೆಲ್ಲ ಅದರಲ್ಲಿರುತ್ತದೆ. ಡೋರ್ಸೆಟ್ ಬೀದಿಯಲ್ಲಿ ಕಳುವಾದ ಪಾರ್ಸೆಲ್ಲು ಪಕ್ಕದ ಮನೆಯ ಪೊದೆಯ ಹಿಂದೆ ಪತ್ತೆ. ಮೆಟ್ಟಿಲ ಮೇಲಿಟ್ಟಿದ್ದ ಕುಂಬಳಕಾಯಿಯನ್ನು ಅರ್ಧ ತಿಂದ ಆರೋಪಿ ಅಳಿಲೆಂದು ಕ್ಯಾಮೆರಾ ಸಾಕ್ಷಿ. ಹ್ಯೂಸ್ಟನ್ನಿನ ಕೇಟಿಯಲ್ಲಿರುವ ನನ್ನ ಗೆಳೆಯನಿಗೆ ಇದನ್ನೆಲ್ಲ ಓದಿ ಹೇಳಿದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಾನೆ. ಅವನೂರಲ್ಲಿ ಮಳೆ ಜೋರಾದರೆ ನೆರೆಯ ಭಯ. ನನಗೆ ಮಳೆಯಿಲ್ಲದೆಯೂ ನೆರೆಯವರ ಭಯ. ಅವನು ಮನೆಯ ಒಳಗೂ ಹೊರಗೂ ಒಂಬತ್ತು ಕ್ಯಾಮೆರಾ ಹಾಕಿಸಿದ್ದಾನೆ. ಈವರೆಗೆ ಅವುಗಳ ಬಲೆಗೆ ಬಿದ್ದ ಏಕೈಕ ಕಳ್ಳ, ಫ್ರಿಜ್ಜಿನಿಂದ ಮೈಸೂರು ಪಾಕು ಕದಿಯುತ್ತಿದ್ದ ಮಧುಮೇಹಿ, ಅವನೇ. ದೃಶ್ಯವನ್ನು ಅವನ ಹೆಂಡತಿ ಆಫೀಸಿನಿಂದಲೇ ನೇರ ಪ್ರಸಾರದಲ್ಲಿ ನೋಡಿದರಂತೆ.

ಮೈಸೂರಿನ ನಮ್ಮ ಬೀದಿಯಲ್ಲಿ ಕ್ಯಾಮೆರಾ ಇರಲಿಲ್ಲ, ಚಿಕ್ಕಮ್ಮ ಇದ್ದಳು. ನನ್ನ ತಾಯಿಯ ತಂಗಿ ಶಾರದಚಿಕ್ಕಮ್ಮ. ಸಂಜೆ ನಾಲ್ಕಕ್ಕೆ ಗೇಟಿನ ಬಳಿ ಬತ್ತಿ ಹೊಸೆಯುತ್ತ ಕೂತಳೆಂದರೆ, ಬೀದಿಗೆ ಕಾಲಿಟ್ಟ ಪ್ರತಿಯೊಬ್ಬನಿಗೂ ಒಂದೇ ಪ್ರಶ್ನೆ: “ಯಾರ ಮನೆಗೆ ಬೇಕಿತ್ತಪ್ಪಾ?” ಸರಿಯಾದ ಉತ್ತರ ಕೊಟ್ಟವನಿಗೆ ಮನೆಯ ದಾರಿ, ಬಿಸಿಲು ಹೆಚ್ಚಾಗಿದ್ದರೆ ಒಂದು ಲೋಟ ಮಜ್ಜಿಗೆ. ತಡವರಿಸಿದವನಿಗೆ ಬೀದಿಯ ಕೊನೆಯ ತಿರುವಿನವರೆಗೂ ಅವಳ ದೃಷ್ಟಿ. ಅತಿಥಿಗೂ ಕಳ್ಳನಿಗೂ ಒಂದೇ ಪ್ರಶ್ನೆ ಕೇಳಿ ವಿಂಗಡಿಸುವ ಈ ವಿದ್ಯೆಯನ್ನು ಯಾವ ಯಂತ್ರವೂ ಇನ್ನೂ ಕಲಿತಿಲ್ಲ.

ಈ ಚಿಕ್ಕಮ್ಮ ಕಳೆದ ನವೆಂಬರಿನಲ್ಲಿ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಳು. ಬಂದ ವಾರಕ್ಕೇ ಅವಳಿಗೆ ಹತ್ತಿದ ಚಿಂತೆಯೆಂದರೆ ಬೀದಿಯಲ್ಲಿ ಪ್ರಶ್ನೆ ಕೇಳಲು ಒಬ್ಬರೂ ನಡೆದುಬರುವುದಿಲ್ಲವಲ್ಲ ಎಂಬುದು. ಜನವರಿಯಲ್ಲಿ ಸಂಕ್ರಾಂತಿ ಬಂತು. ನನ್ನ ಹೆಂಡತಿ ಸುಮಾ ಮೆಕ್ಸಿಕನ್ ಅಂಗಡಿಯಿಂದ ಕಬ್ಬು ತಂದಳು. ಚಿಕ್ಕಮ್ಮ ಊರಿಂದ ಹೊತ್ತು ತಂದಿದ್ದ ಮರದ ಅಚ್ಚುಗಳಲ್ಲಿ ಸಕ್ಕರೆಯ ಹಕ್ಕಿಗಳನ್ನು ಮಾಡಿದಳು. ಎರಡು ದಿನ ಕೂತು ಕೊಬ್ಬರಿಯನ್ನೂ ಬೆಲ್ಲವನ್ನೂ ಸಣ್ಣಗೆ ಹೆಚ್ಚಿ, ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆಯೊಡನೆ ಕಲಸಿಟ್ಟಳು. ಇಲ್ಲಿ ‘ಬೀರು’ ಎಂದರೆ ಕುಡಿಯುವುದು, ನಮ್ಮಜ್ಜಿಗೆ ‘ಬೀರು’ ಎಂದರೆ ರೇಷ್ಮೆ ಸೀರೆಯಿಡುವ ಕಬ್ಬಿಣದ ಕಪಾಟು, ಆದರೆ ಸಂಕ್ರಾಂತಿಯ ಸಂಜೆ ‘ಬೀರು’ ಎಂದರೆ ತಟ್ಟೆ ಹಿಡಿದು ಮನೆಮನೆಗೆ ಹೋಗಿ ಎಳ್ಳು ಹಂಚುವುದು. ಪರಿಚಯದ ಕನ್ನಡ ಕುಟುಂಬಗಳಿಗೆ ವಾರಾಂತ್ಯದಲ್ಲಿ ಕೊಟ್ಟರಾಯಿತೆಂದು ಹೇಳಿ ನಾವಿಬ್ಬರೂ ಹಬ್ಬದ ದಿನ ಆಫೀಸಿಗೆ ಹೋದೆವು.

ಸಂಜೆ ಐದೂವರೆಗೆ ಫೋನು ನಡುಗಿತು. ಕರೆಗಂಟೆಯಲ್ಲ, ನೆರೆಹೊರೆಯವರ ಆ್ಯಪು. ಡೋರಿಸ್ ತಮ್ಮ ಬಾಗಿಲ ಕ್ಯಾಮೆರಾದ ವಿಡಿಯೊ ಹಾಕಿದ್ದರು, ಮೇಲೆ ದಪ್ಪ ಅಕ್ಷರದಲ್ಲಿ ‘ಸಂಶಯಾಸ್ಪದ ವ್ಯಕ್ತಿ’. ಎತ್ತರದಿಂದ ತೆಗೆದ ಚಿತ್ರದಲ್ಲಿ ಮುಖ ಕಾಣುವುದಿಲ್ಲ. ಒಂದು ಬಿಳಿಯ ಬೈತಲೆ, ಹಸಿರು ರೇಷ್ಮೆ ಸೀರೆಯ ಕೆಳಗೆ ನನ್ನವೇ ಹಳೆಯ ಓಟದ ಬೂಟುಗಳು, ಕೈಯಲ್ಲಿ ತಟ್ಟೆ. ಆ ವ್ಯಕ್ತಿ ಬಾಗಿಲ ಬುಡದಲ್ಲಿ ಒಂದು ಪ್ಲಾಸ್ಟಿಕ್ ಚೀಲವನ್ನೂ ಗೇಣುದ್ದದ ಕೋಲನ್ನೂ ಇಟ್ಟು, ಕ್ಯಾಮೆರಾದತ್ತ ಬೆರಳೆತ್ತಿ, ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿ ಹೇಳುತ್ತದೆ: “ಈಟ್. ಟಾಕ್ ಗುಡ್. ಐ ವಿಲ್ ಗೋ ಅಂಡ್ ಕಮ್.”

ಎಳ್ಳು ತಿಂದವರ ಬಾಯಲ್ಲಿ ವರ್ಷವಿಡೀ ಒಳ್ಳೆಯ ಮಾತು ಬರಲಿ ಎಂಬ ಹಾರೈಕೆ, ಹೋಗಿ ಬರ್ತೀನಿ ಎಂಬ ಬೀಳ್ಕೊಡುಗೆ. ಆಂಗ್ಲ ಅಗ್ರಹಾರ ಕೇಳಿಸಿಕೊಂಡದ್ದು ಬೇರೆ: ಇದನ್ನು ತಿನ್ನು, ನೆಟ್ಟಗೆ ಮಾತಾಡು, ಇಲ್ಲವಾದರೆ ಮತ್ತೆ ಬರುತ್ತೇನೆ! ಕೆಳಗೆ ಸಾಲುಸಾಲು ಪ್ರತಿಕ್ರಿಯೆ. ನಮ್ಮ ಬಾಗಿಲಲ್ಲೂ ಕೋಲು ಇದೆ, ದರೋಡೆಗೆ ಮನೆ ಗುರುತು ಮಾಡುವ ವಿಧಾನವಿದು, ಎಂದೊಬ್ಬರು. ಚೀಲದಲ್ಲಿ ಕಂದುಬಣ್ಣದ ಹರಳುಗಳಿವೆ, ಯಾರೂ ಮುಟ್ಟಬೇಡಿ, ಎಂದಿನ್ನೊಬ್ಬರು. ಬಿಳಿಯ ಪುಡಿಯನ್ನು ಹಕ್ಕಿಯ ಆಕಾರದಲ್ಲಿ ಸಾಗಿಸುತ್ತಿದ್ದಾರೆ, ಎಂದು ಮತ್ತೊಬ್ಬರು. ಕೊನೆಗೆ, ಕಾರ್ಯದರ್ಶಿಗಳು ಏನು ಮಾಡುತ್ತಿದ್ದಾರೆ?

ಕಾರ್ಯದರ್ಶಿಗಳು ಬೆವರುತ್ತಿದ್ದರು. ‘ಅಯ್ಯೋ, ಅದು ನಮ್ಮ ಚಿಕ್ಕಮ್ಮ, ಅದು ಬೆಲ್ಲ, ಅದು ಕಬ್ಬು’ ಎಂದು ಒಂದು ಸಾಲು ಬರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬರೆಯಲಿಲ್ಲ. ಇಪ್ಪತ್ತು ವರ್ಷ ಹುಲ್ಲನ್ನು ನಿಯಮದ ಎತ್ತರಕ್ಕೆ ಕತ್ತರಿಸಿ, ಒಗ್ಗರಣೆ ಹಾಕುವಾಗ ಕಿಟಕಿ ಮುಚ್ಚಿ, ಗಳಿಸಿದ ಮರ್ಯಾದೆಗೆಲ್ಲ ಒಂದೇ ಸಂಜೆಯಲ್ಲಿ ಎಳ್ಳುನೀರು ಬಿಡಬೇಕಲ್ಲ ಎನಿಸಿತು. ನನಗೆ ಚಿಕ್ಕಮ್ಮನ ಬಗ್ಗೆ ನಾಚಿಕೆಯಾಯಿತು. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ಬರೆಯದಿದ್ದರೆ ಈ ಪ್ರಬಂಧವೂ ನನ್ನ ಮಾಸಿಕ ವರದಿಯಂತೆಯೇ ಆಗಿಬಿಡುತ್ತದೆ. ನಾನು ಬರೆದದ್ದು ಮೂರೇ ಪದ: ಐ ವಿಲ್ ಸೀ. ಎಲ್ಲರಿಗೂ ಸಮಾಧಾನವಾಯಿತು.

ಮನೆಗೆ ಬಂದಾಗ ಚಿಕ್ಕಮ್ಮನ ಮುಖ ನೋಡಬೇಕಿತ್ತು. ಹದಿನಾಲ್ಕು ಮನೆಗೆ ಬೀರಿ ಬಂದಿದ್ದಳು. “ಬಾಗಿಲುಗಳೇ ಮಾತಾಡ್ತವಪ್ಪಾ ಇಲ್ಲಿ! ಯಾರೂ ಹೊರಗೆ ಬರ್ಲಿಲ್ಲ, ಕೆಲಸದಲ್ಲಿರ್ತಾರೇನೋ ಪಾಪ, ಅಲ್ಲೇ ಇಟ್ಟುಬಂದೆ.” ಒಬ್ಬಳೇ ಯಾಕೆ ಹೋದೆ, ನನ್ನನ್ನೊಂದು ಮಾತು ಕೇಳಬಾರದಿತ್ತೇ, ಎಂದು ಸ್ವಲ್ಪ ಗಡುಸಾಗಿಯೇ ಅಂದೆ. ಅವಳು ಸೆರಗಿನಿಂದ ತಟ್ಟೆ ಒರೆಸುತ್ತ ತಗ್ಗಿದ ದನಿಯಲ್ಲಿ ಹೇಳಿದಳು: “ನಿಮ್ಮ ಚಿಕ್ಕಪ್ಪ ಹೋದ್ಮೇಲೆ ಮೂರು ಸಂಕ್ರಾಂತಿ ಆಯ್ತು ರಾಘು, ತಟ್ಟೆ ಹಿಡೀಲಿಲ್ಲ. ಅಲ್ಲಿ ಯಾರೂ ಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ವಲ್ಲ ಕಣೋ, ನಾನು ಬೀರಬಾರ್ದು ಅಂತ.”

ಇದಾದ ಮೇಲೆ ಅವಳಿಗೆ ವಿಡಿಯೊ ತೋರಿಸುವುದು ಯಾರಿಂದ ಸಾಧ್ಯ?

ಮಾರನೆಯ ದಿನದಿಂದ ಚಿಕ್ಕಮ್ಮ ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಕೂತಳು. ಎಳ್ಳು ತೆಗೆದುಕೊಂಡವರು ಸುಮ್ಮನಿರುವುದು ನಮ್ಮಲ್ಲಿ ಪದ್ಧತಿಯಲ್ಲ. ಅವರೂ ಬಂದು ಏನಾದರೂ ಕೊಟ್ಟುಹೋಗಬೇಕು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಉಳಿದ ಎಳ್ಳನ್ನು ಸ್ಟೀಲಿನ ಡಬ್ಬಿಯಲ್ಲಿ ತುಂಬಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಗುರುವಾರ ಯಾರೂ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಅತ್ತ ಡೋರ್ಸೆಟ್ ಬೀದಿಯಲ್ಲಿ ಡೋರಿಸ್ ಪರದೆ ಎಳೆದುಕೊಂಡು ಕೂತಿದ್ದರು. ಎಂಬತ್ತರ ಹತ್ತಿರದ ಹೆಂಗಸು, ಗಂಡ ತೀರಿಹೋಗಿ ಒಬ್ಬರೇ ಇರುವವರು, ಅಂಚೆ ಪೆಟ್ಟಿಗೆಯವರೆಗೂ ಎರಡು ದಿನದಿಂದ ಬಂದಿಲ್ಲವೆಂದು ಆ್ಯಪಿನಲ್ಲಿ ಬರೆದಿದ್ದರು. ನೂರು ಗಜದ ಅಂತರದಲ್ಲಿ ಒಬ್ಬಾಕೆ ಯಾರಾದರೂ ಬಂದಾರೆಂದು ಕಾಯುತ್ತಿದ್ದಳು, ಇನ್ನೊಬ್ಬಾಕೆ ಯಾರಾದರೂ ಬಂದಾರೆಂದು ನಡುಗುತ್ತಿದ್ದರು. ಎರಡಕ್ಕೂ ಕಾರಣ ಗೊತ್ತಿದ್ದ ಒಬ್ಬನೇ ಮನುಷ್ಯ ಲ್ಯಾಪ್‌ಟಾಪು ತೆರೆದು ಜನವರಿಯ ವರದಿಗೆ ಅಂಚು ಹೊಂದಿಸುತ್ತಿದ್ದ.

ಶನಿವಾರ ಬೆಳಗ್ಗೆ ಸುಮಾ ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿದಳು. “ಕಳ್ಳ ಯಾರು ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡಿರೋ ಸೆಕ್ರೆಟರಿ ನೀವೊಬ್ರೇ ಕಣ್ರೀ. ಏಳ್ತೀರೋ, ನಾನೇ ಹೋಗಿ ಹೇಳ್ಲೋ?”

ಎದ್ದೆ. ಡೋರಿಸ್ ಮೊದಲು ತಮ್ಮ ಬಾಗಿಲ ಕರೆಗಂಟೆಯ ಮೂಲಕವೇ ನನ್ನ ವಿಚಾರಣೆ ನಡೆಸಿ, ಆಮೇಲೆ ಬಾಗಿಲು ತೆರೆದರು. ಎಲ್ಲವನ್ನೂ ಹೇಳಿದೆ, ಮೂರು ದಿನ ಸುಮ್ಮನಿದ್ದುದನ್ನೂ ಸೇರಿಸಿ. ಅವರು ಗ್ಯಾರೇಜಿಗೆ ಹೋಗಿ, ರಬ್ಬರು ಕೈಗವಸು ತೊಟ್ಟು, ಮುಚ್ಚಳವಿದ್ದ ಬಕೆಟ್ಟಿನಿಂದ ಆ ಪ್ಲಾಸ್ಟಿಕ್ ಚೀಲವನ್ನು ಎತ್ತಿ ತಂದರು. ನಾನು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ನಾನು ಸಾಯುತ್ತೇನೋ ಎಂದು ಅವರು ಒಂದು ನಿಮಿಷ ಕಾದರು. ಸಾಯದಿದ್ದುದನ್ನು ಖಚಿತಪಡಿಸಿಕೊಂಡು ತಾವೂ ಒಂದು ಚೂರು ಬೆಲ್ಲ ತಿಂದರು, ಆಮೇಲೆ ಕೊಬ್ಬರಿ, ಆಮೇಲೆ ಸಕ್ಕರೆ ಹಕ್ಕಿಯ ತಲೆ.

ಹಾಗಾದರೆ ಮತ್ತೆ ಬರುತ್ತೇನೆಂದು ಯಾಕೆ ಹೆದರಿಸಿದಳು, ಎಂದು ಕೇಳಿದರು. ನಮ್ಮಲ್ಲಿ ಹೊಸ್ತಿಲಲ್ಲಿ ನಿಂತು ಹೋಗುತ್ತೇನೆ ಎನ್ನುವುದಿಲ್ಲ, ಅದು ಅಶುಭ, ಹೋಗಿ ಬರುತ್ತೇನೆ ಎನ್ನಬೇಕು, ನಿಜವಾಗಿ ಬಂದರೂ ಸರಿ ಬರದಿದ್ದರೂ ಸರಿ, ಎಂದು ವಿವರಿಸಿದೆ. ಡೋರಿಸ್ ಚೀಲದ ಬಾಯಿ ಮಡಿಸಿ ಮುಚ್ಚಿದರು. ಆಸ್ಟಿನ್ನಿನಲ್ಲಿರುವ ತಮ್ಮ ಮಗ ಕೂಡ ಹಾಗೆ ಹೇಳಿ ಹೊರಡುವುದಿಲ್ಲ ಎಂದರು. ಆಮೇಲೆ ಅಧ್ಯಕ್ಷೆಯ ದನಿ ತಂದುಕೊಂಡು, ಈಗಲೇ ನನ್ನೆದುರಿಗೆ ನಿಂತು ಆ್ಯಪಿನಲ್ಲಿ ಸತ್ಯ ಬರೆಯಿರಿ ಎಂದು ಆಜ್ಞೆ ಮಾಡಿದರು. ಬರೆದೆ.

ಭಾನುವಾರ ಮಧ್ಯಾಹ್ನ ಫೋನು, ‘ನಿಮ್ಮ ಬಾಗಿಲಲ್ಲಿ ಒಬ್ಬ ವ್ಯಕ್ತಿ ಇದ್ದಾರೆ’ ಎಂದಿತು. ಎತ್ತರದಿಂದ ತೆಗೆದ ಚಿತ್ರದಲ್ಲಿ ಮುಖ ಕಾಣಲಿಲ್ಲ. ಒಂದು ಬಿಳಿಯ ಬೈತಲೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಂದು ಕ್ಷಣ ಚಿಕ್ಕಮ್ಮನೇ ಎಂದುಕೊಂಡೆ. ಗಂಟೆ ಒತ್ತುವ ಮೊದಲೇ ಚಿಕ್ಕಮ್ಮ ಬಾಗಿಲು ತೆರೆದಾಗಿತ್ತು. ಡೋರಿಸ್ ಅದೇ ಚೀಲವನ್ನು ತೊಳೆದು ಒಣಗಿಸಿ, ಅದರ ತುಂಬ ತಮ್ಮ ಹಿತ್ತಲಿನ ಮರದ ಪೆಕಾನ್ ಬೀಜಗಳನ್ನು ಸುಲಿದು ತಂದಿದ್ದರು. ನಾನು ಹೇಳಿಕೊಟ್ಟದ್ದಲ್ಲ. ಖಾಲಿ ಚೀಲ ಹಿಂತಿರುಗಿಸಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇಬ್ಬರೂ ಒಂದು ಗಂಟೆ ಕೂತರು. ಡೋರಿಸ್ ಇಂಗ್ಲಿಷಿನಲ್ಲಿ, ಚಿಕ್ಕಮ್ಮ ಕನ್ನಡದಲ್ಲಿ; ನನ್ನ ಅನುವಾದವನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ನಡುವೆ ಚಿಕ್ಕಮ್ಮ ನನ್ನತ್ತ ತಿರುಗಿದಳು. “ಇವರಿಗೂ ಯಜಮಾನ್ರು ಇಲ್ವಂತೇನೋ?” ಇಲ್ಲ ಎಂದೆ. ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. “ಹಂಗಾದ್ರೆ ಬೀರಬಾರ್ದವರಿಬ್ರೂ ಬೀರಿಬಿಟ್ವಲ್ಲೋ!” ಏಕೆಂದು ತಿಳಿಯದೆ ಡೋರಿಸ್ ಕೂಡ ನಕ್ಕರು.

ಆ ವಿಡಿಯೊದ ಸಂಗತಿ ಚಿಕ್ಕಮ್ಮನಿಗೆ ಈವರೆಗೆ ತಿಳಿದಿಲ್ಲ. ಜನವರಿಯ ವರದಿಯಲ್ಲಿ ಮಾತ್ರ ಎಲ್ಲರಿಗೂ ಕಾಣುವಂತೆ ಬರೆದೆ: ಸಂಶಯಾಸ್ಪದ ವ್ಯಕ್ತಿ ಒಬ್ಬರು, ಕಾರ್ಯದರ್ಶಿ.

ಆ ಭಾನುವಾರ ಹೊರಡುವಾಗ ಡೋರಿಸ್ ಹೊಸ್ತಿಲ ಮೇಲೆ ನಿಂತು, ಬೆರಳೆತ್ತಿ, ಒಂದೊಂದೇ ಪದ ಬಿಡಿಸಿ ಹೇಳಿದರು: “ಐ ವಿಲ್ ಗೋ ಅಂಡ್ ಕಮ್.” ಚಿಕ್ಕಮ್ಮ ಒಂದು ಚೂರೂ ಆಶ್ಚರ್ಯಪಡದೆ, ಮೈಸೂರಿನ ಗೇಟಿನಲ್ಲಿ ಹೇಳುವಷ್ಟೇ ಸಹಜವಾಗಿ, “ಗೋ ಅಂಡ್ ಕಮ್, ಗೋ ಅಂಡ್ ಕಮ್” ಎಂದು ಕೈಬೀಸಿದಳು. ಡೋರಿಸ್ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ನಡೆದಿದ್ದರು, ಫೋನು ನಡುಗಿತು. ‘ಆ ವ್ಯಕ್ತಿ ಹೊರಟುಹೋದರು.’

ಪಾಪ, ಅದಕ್ಕೆ ಕನ್ನಡ ಬರುವುದಿಲ್ಲ.