ಅಂಗಿಯ ಬಲತೋಳು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಇದು ಇವತ್ತಿನ ರೋಗವಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀಯಾ ಎಂದು ಅಮ್ಮ ದಿನಾ ಬೈಯುತ್ತಿದ್ದಳು. ಅಂಥ ನನ್ನನ್ನು ಎರಡೂವರೆ ಗಂಟೆ ಒಂದೇ ಕುರ್ಚಿಯಲ್ಲಿ ಕೂರಿಸಬಲ್ಲದ್ದು ಅಂದರೆ ಸಿನಿಮಾ ಒಂದೇ. ಅಮ್ಮ ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ವಾರದ ರಜೆಯ ದಿನ ನನ್ನನ್ನು ಮ್ಯಾಟಿನಿಗೆ ಎಳೆದುಕೊಂಡು ಹೋಗಿ ಕೂರಿಸಿ, ತಾನು ಪಕ್ಕದಲ್ಲಿ ಹಾಯಾಗಿ ನಿದ್ದೆ ಮಾಡುತ್ತಿದ್ದಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಪರದೆಯ ಮೇಲೆ ಯಾರು ಅತ್ತರೂ ನಾನೂ ಅಳುತ್ತಿದ್ದೆ, ಖಳನಾಯಕ ಅತ್ತರೂ ಸೈ. ಮುಗಿದ ಮೇಲೆ ಎದ್ದು ಬರುವುದಿಲ್ಲ ಎಂದು ಕುರ್ಚಿಯ ಕೈ ಹಿಡಿದು ಹಟ ಮಾಡಿ, ಕಸ ಗುಡಿಸುವ ಹೆಂಗಸಿನಿಂದ ಬೈಸಿಕೊಂಡದ್ದೂ ಉಂಟು.

ಅಷ್ಟು ಹುಚ್ಚಿದ್ದವಳು ದೊಡ್ಡವಳಾಗಿ ಸಿನಿಮಾದ ಕೆಲಸಕ್ಕೇ ಸೇರಿಕೊಂಡೆ. ಅಲ್ಲಿಗೆ ನನ್ನ ಸಿನಿಮಾ ನೋಡುವ ಸುಖಕ್ಕೆ ಕಲ್ಲು ಬಿತ್ತು.

ನನ್ನ ಕೆಲಸದ ಹೆಸರು ಕಂಟಿನ್ಯೂಟಿ. ಕೇಳಿದವರೆಲ್ಲ "ಅಂದ್ರೆ ಏನ್ ಮಾಡ್ತೀರಿ?" ಎನ್ನುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ಒಬ್ಬ ಮನುಷ್ಯ ಮನೆಯೊಳಗಿಂದ ಬೀದಿಗೆ ಕಾಲಿಡಲು ಎರಡು ತಿಂಗಳು ಹಿಡಿಯುತ್ತದೆ. ಮನೆಯ ಭಾಗವನ್ನು ಒಂದು ಕಡೆ ತೆಗೆದಿರುತ್ತಾರೆ, ಬೀದಿಯ ಭಾಗವನ್ನು ಇನ್ನೊಂದು ಕಡೆ, ನಡುವೆ ನಾಯಕ ಬೇರೆ ಚಿತ್ರಕ್ಕೆ ಹೋಗಿ ಹೊಟ್ಟೆ ಬೆಳೆಸಿಕೊಂಡು ಬಂದಿರುತ್ತಾನೆ. ಮನೆಯೊಳಗೆ ಕೊಡೆ ಅವನ ಯಾವ ಕೈಯಲ್ಲಿತ್ತು, ಲೋಟದಲ್ಲಿ ಹಾಲು ಎಷ್ಟಿತ್ತು, ಅವಳ ಜಡೆ ಹೆಗಲ ಮುಂದಿತ್ತೋ ಹಿಂದಿತ್ತೋ, ಇದನ್ನೆಲ್ಲ ಫೋಟೊ ತೆಗೆದು, ಹಾಳೆಯಲ್ಲಿ ಬರೆದು, ಮುಂದಿನ ಶಾಟಿನಲ್ಲೂ ಹಾಗೆಯೇ ಇದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವಳು ನಾನು. ಸೆಟ್ಟಿನಲ್ಲಿ ನನ್ನ ಹೆಸರು ಭೂತಗನ್ನಡಿ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಮುಖದೆದುರೇ ಶುರುವಾಯಿತು. "ಭೂತಗನ್ನಡಿ ಬಂತು, ಗುಂಡಿ ಸರಿಯಾಗಿ ಹಾಕ್ಕೊಳ್ರಪ್ಪಾ!" ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಈ ಇಪ್ಪತ್ತೆರಡು ವರ್ಷದಲ್ಲಿ ಥಿಯೇಟರಿನಲ್ಲಿ ಯಾರೂ ನನ್ನ ಕೆಲಸವನ್ನು ನೋಡಲಿಲ್ಲ, ಏಕೆಂದರೆ ನಾನು ಸರಿಯಾಗಿ ಮಾಡಿದ್ದರೆ ನೋಡಲು ಏನೂ ಇರುವುದಿಲ್ಲ.

ಇದರ ಪಾಪ ತಟ್ಟಿದ್ದು ನಮ್ಮ ಯಜಮಾನರಿಗೆ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಇಡೀ ದಿನ ಮೇಲೆ ಕೆಳಗೆ ಓಡಾಡಿ ಬಂದು ಮನೆಯಲ್ಲಿ ಒಂದು ಸಿನಿಮಾ ಹಾಕಿಕೊಂಡು ಕಾಲು ಚಾಚುತ್ತಾರೆ. ನಾನು ಪಕ್ಕದಲ್ಲಿ ಕೂತು, ಎದ್ದು, ಕೂತು, "ಅಯ್ಯೋ ಗಡಿಯಾರ ನೋಡ್ರಿ! ಈಗ ತಾನೆ ಹತ್ತೂವರೆ ಇತ್ತು, ಈಗ ನಾಲ್ಕು!" ಎನ್ನುತ್ತೇನೆ.

"ಏ ತಾಯಿ, ಆ ಹುಡುಗಿ ಸಾಯ್ತಾ ಇದ್ದಾಳೆ. ನೆಮ್ಮದಿಯಾಗಿ ಸಾಯೋಕಾದ್ರೂ ಬಿಡು ಅವಳನ್ನ," ಎಂದು ಅವರು ಕೈ ಮುಗಿಯುತ್ತಾರೆ.

ಅವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ನನಗೆ ಒಳಗೆ ಉರಿಯುತ್ತಿತ್ತು. ಆ ಹುಡುಗಿ ಸಾಯುವುದು ನನಗೆ ಕಾಣಿಸುತ್ತಲೇ ಇರಲಿಲ್ಲ. ಸಿನಿಮಾ ನೋಡಿ ಅತ್ತು ಹದಿನೆಂಟು ವರ್ಷವಾಗಿತ್ತು. ಇಷ್ಟಪಟ್ಟು ಮದುವೆಯಾದವನ ಮುಖವೇ ಮರೆತುಹೋದ ಹಾಗೆ ಆಗಿತ್ತು ನನ್ನ ಪಾಡು.

ಹೀಗಿರುವಾಗ ಒಂದು ಚಿತ್ರಕ್ಕೆ ಕರೆದರು. ನಿರ್ದೇಶಕ ನನ್ನ ತಮ್ಮನ ವಯಸ್ಸಿನವನು, ಮಾತು ಕಡಿಮೆ, ಕೆಲಸ ಗೊತ್ತು. ತಂದೆಯ ಪಾತ್ರಕ್ಕೆ ಬಂದವರು ಮಾವನವರು. ನನ್ನ ಮಾವ ಅಲ್ಲ, ಊರಿಗೆಲ್ಲ ಮಾವ. ನಲವತ್ತು ವರ್ಷದಿಂದ ನಾಯಕಿಯ ಮಾವನ ಪಾತ್ರವನ್ನೇ ಮಾಡಿ ಮಾಡಿ, ಲೈಟಿನವರಿಂದ ಹಿಡಿದು ನಿರ್ಮಾಪಕರವರೆಗೆ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಸೊಸೆಗೆ ಬೈಯುವುದು, ಎದೆ ಹಿಡಿದುಕೊಂಡು ಬೀಳುವುದು, ಕೊನೆಗೆ ಕ್ಷಮಿಸುವುದು, ಇಷ್ಟೇ ಅವರಿಗೆ ಸಿಕ್ಕಿದ್ದು. ಇದೊಂದು ಚಿತ್ರದಲ್ಲಿ ಮಾತ್ರ ಅವರಿಗೆ ನಿಜವಾದ ಒಂದು ದೃಶ್ಯವಿತ್ತು.

ದೃಶ್ಯ ಹೀಗೆ. ತಂದೆ ಅಡುಗೆಮನೆಯ ತೊಟ್ಟಿಯಲ್ಲಿ ತಟ್ಟೆ ತೊಳೆಯುತ್ತಿದ್ದಾನೆ. ಮಗಳು ಬಾಗಿಲಲ್ಲಿ ನಿಂತು, ನಾನು ಮನೆ ಬಿಟ್ಟು ಹೋಗುತ್ತಿದ್ದೇನೆ, ಇನ್ನು ಬರುವುದಿಲ್ಲ ಎನ್ನುತ್ತಾಳೆ. ಅವನು ತಿರುಗುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಊಟ ಮಾಡ್ಕೊಂಡು ಹೋಗು" ಎನ್ನುತ್ತಾನೆ. ಅಷ್ಟೇ.

ಬೆಳಿಗ್ಗೆ ದೂರದಿಂದ ತೆಗೆದರು. ಮಾವನವರ ಅಂಗಿಯ ಎರಡೂ ತೋಳು ಮೊಣಕೈವರೆಗೆ ಮಡಚಿತ್ತು. ಫೋಟೊ ತೆಗೆದೆ, ಬರೆದುಕೊಂಡೆ. ಮಧ್ಯಾಹ್ನ ಹತ್ತಿರದಿಂದ. ಮೊದಲನೇ ಟೇಕ್ ಪರವಾಗಿಲ್ಲ ಅನ್ನಿಸುವಂತಿತ್ತು. ಎಲ್ಲ ಸರಿ, ಜೀವ ಇಲ್ಲ. ಎರಡನೆಯದರಲ್ಲಿ ಮಾತು ತಡವರಿಸಿತು. ದೀಪದ ಸೆಕೆಗೆ ಮಾವನವರು ಬೆವೆತುಹೋಗಿ, ಮಡಚಿದ ಬಲತೋಳನ್ನು ಇಳಿಸಿ ಅದರಲ್ಲೇ ಮುಖ ಒರೆಸಿಕೊಂಡರು. ಅದನ್ನು ನಾನು ನೋಡಬೇಕಿತ್ತು. ಅದಕ್ಕೇ ಅಲ್ಲವೇ ನಾನಿರುವುದು? ಆ ಹೊತ್ತಿಗೆ ನಾನು ತಟ್ಟೆಯ ನೊರೆ ಎಷ್ಟಿತ್ತೆಂದು ಹಾಳೆಯಲ್ಲಿ ಹುಡುಕುತ್ತಿದ್ದೆ.

ಮೂರನೇ ಟೇಕ್ ಶುರುವಾಯಿತು. ಮಗಳು ಮಾತು ಮುಗಿಸಿದಳು. ಮಾವನವರು ತಟ್ಟೆ ಉಜ್ಜಿದರು. ತೊಳೆದರು. ತೊಳೆದ ತಟ್ಟೆಯನ್ನೇ ಮತ್ತೆ ಉಜ್ಜಿದರು. ತಿರುವಿ ಹಿಂಭಾಗ ಉಜ್ಜಿದರು. ಇನ್ನು ಉಜ್ಜಲು ಏನೂ ಉಳಿಯಲಿಲ್ಲ. ತಟ್ಟೆ ಮುಗಿದರೆ ಮಗಳು ಹೋಗುತ್ತಾಳೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು, ನನಗೂ ಗೊತ್ತಾಯಿತು. ಆಮೇಲೆ ಒಮ್ಮೆ ತಲೆ ಎತ್ತಿ, ಮತ್ತೆ ಬಗ್ಗಿಸಿ, ತಟ್ಟೆಗೇ ಹೇಳುವಂತೆ ಆ ಮಾತು ಹೇಳಿದರು. ನನ್ನ ಕಣ್ಣಲ್ಲಿ ನೀರು ದಳದಳ ಇಳಿಯಿತು. ಹದಿನೆಂಟು ವರ್ಷದ ಮೇಲೆ! ಕೈಯಲ್ಲಿ ಹಾಳೆ ಇದೆ, ನಾನು ಕೆಲಸದಲ್ಲಿದ್ದೇನೆ ಎಂಬುದೆಲ್ಲ ಮರೆತೇ ಹೋಗಿತ್ತು.

"ಕಟ್" ಅಂದ ಮೇಲೆ ನಿರ್ದೇಶಕ ಯಾವಾಗಲೂ ಕೇಳುವಂತೆ ನನ್ನ ಕಡೆ ತಿರುಗಿ, "ಮೇಡಂ, ಎಲ್ಲ ಸರಿ ಇದೆಯಾ?" ಎಂದ.

"ಸರಿ ಇದೆ," ಎಂದೆ. ಹಾಳೆಯಲ್ಲಿ ಹಾಗೇ ಬರೆದೆ. ಫೋಟೊ ನೋಡಲಿಲ್ಲ.

ಮಾವನವರು ಮುಖದ ಬಣ್ಣ ಒರೆಸಿಕೊಳ್ಳುತ್ತಾ ನಿರ್ದೇಶಕನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಇನ್ನೊಂದ್ಸಲ ಮಾತ್ರ ಕೇಳ್ಬೇಡಪ್ಪ. ನನ್ನ ಹತ್ರ ಇದ್ದಿದ್ದು ಅಷ್ಟೇ." ಮಾರನೇ ದಿನ ಬೆಳಿಗ್ಗೆ ಅವರು ಗಡ್ಡ ಬೋಳಿಸಿ ಬೇರೆ ಚಿತ್ರಕ್ಕೆ ಹೊರಡುವವರಿದ್ದರು. ಆ ಅಡುಗೆಮನೆಯ ಸೆಟ್ಟನ್ನು ಮಧ್ಯಾಹ್ನಕ್ಕೆ ಕಿತ್ತುಹಾಕುವವರಿದ್ದರು.

ಸಂಜೆ ಬಸ್ಸಿನಲ್ಲಿ ಕೂತು ಫೋಟೊಗಳನ್ನು ಒಂದೊಂದಾಗಿ ಸರಿಸಿದೆ. ಬೆಳಿಗ್ಗೆ ಎರಡು ತೋಳೂ ಮೇಲೆ. ಮೂರನೇ ಟೇಕಿನಲ್ಲಿ ಬಲತೋಳು ಮಣಿಕಟ್ಟಿನವರೆಗೆ ಇಳಿದು ನೊರೆಯಲ್ಲಿ ಅದ್ದಿಕೊಂಡಿತ್ತು. ಕುರುಡನಿಗೂ ಕಾಣುವಂಥ ತಪ್ಪು. ನಿರ್ದೇಶಕನ ನಂಬರ್ ಒತ್ತಿದೆ, ಅದು ಹೋಗುವ ಮೊದಲೇ ನಿಲ್ಲಿಸಿದೆ. ಮತ್ತೆ ಒತ್ತಿದೆ, ಮತ್ತೆ ನಿಲ್ಲಿಸಿದೆ. ನನ್ನ ಸ್ಟಾಪು ದಾಟಿಹೋಗಿ, ಎರಡು ಸ್ಟಾಪು ಹಿಂದಕ್ಕೆ ನಡೆದೆ.

ಮನೆಗೆ ಹೋಗಿ ಎಲ್ಲ ಹೇಳಿದೆ. ಯಜಮಾನರು ಕೇಳಿದವರೇ, "ಇದಕ್ಕೇನು ಯೋಚನೆ? ಈಗಲೇ ಹೇಳ್ಬಿಡು. ಬೆಳಿಗ್ಗೆ ಇನ್ನೊಂದ್ಸಲ ತೆಗೀತಾರೆ," ಎಂದರು.

"ಬೆಳಿಗ್ಗೆ ಅದು ಬರಲ್ಲ ರೀ. ಅವರ ಹತ್ರ ಇನ್ನಿಲ್ಲ. ಹೇಳಿದ್ರೆ ಇದನ್ನ ಬಿಸಾಕಿ ಮೊದಲನೇದನ್ನ ಹಾಕ್ತಾರೆ. ಆ ಸಪ್ಪೆ ಸಿಪ್ಪೆನ!"

"ಹೇಳದಿದ್ರೆ ನಿನ್ನ ಹೆಸರು ಹಾಳಾಗುತ್ತೆ."

"ಗೊತ್ತು."

"ಮತ್ತೆ ಏನ್ ಮಾಡ್ತೀಯ?"

ನಾನು ಪಾತ್ರೆ ತೊಳೆಯಲು ಹೋದೆ. ಬಾಲ ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಹೊರಬಾಗಿಲಿಗೂ ಎಷ್ಟು ಸಲ ಓಡಾಡಿದೆನೋ. ಬೆಳಗಾಯಿತು, ಮಾವನವರು ಗಡ್ಡ ಬೋಳಿಸಿದರು, ಸೆಟ್ಟು ಕಿತ್ತರು. ನಾನು ಹೇಳಲಿಲ್ಲ.

ಆಮೇಲಿನ ನಾಲ್ಕು ತಿಂಗಳು ಫೋನು ಹೊಡೆದುಕೊಂಡರೆ ಸಾಕು, ಓಡಿಹೋಗಿ ಯಾರ ಹೆಸರು ಎಂದು ನೋಡುತ್ತಿದ್ದೆ. ಬೇರೆ ಸೆಟ್ಟುಗಳಲ್ಲಿ ಎಲ್ಲರ ಮೇಲೂ ಹಾರಾಡುತ್ತಿದ್ದೆ, ಒಬ್ಬ ಪಾಪದವನ ಚಪ್ಪಲಿಯ ಬಾರಿಗಾಗಿ ಮೂರು ಶಾಟ್ ಮತ್ತೆ ತೆಗೆಸಿದೆ. ಕೊನೆಗೆ ಫೋನ್ ಬಂದಿದ್ದು ಎಡಿಟರ್‌ನಿಂದ. ನನ್ನ ಹಾಳೆಯನ್ನು ಕಣ್ಣು ಮುಚ್ಚಿ ನಂಬುವ ಮನುಷ್ಯ ಆತ.

ಅವನ ಕೋಣೆಗೆ ಹೋದೆ. ಪರದೆಯ ಮೇಲೆ ಮಾವನವರು ತಟ್ಟೆ ಹಿಡಿದುಕೊಂಡು ನಿಂತಿದ್ದರು, ಇಳಿದ ತೋಳಿನ ಸಮೇತ. ಎಡಿಟರ್ ಕುರ್ಚಿ ತಿರುಗಿಸಿ, "ಭೂತಗನ್ನಡಿ, ಏನಿದು? ನಿಮ್ಮ ಹಾಳೆಯಲ್ಲಿ ಸರಿ ಅಂತಿದೆ," ಎಂದ.

"ಸರಿ ಇಲ್ಲ. ನನ್ನದೇ ತಪ್ಪು."

"ಮೊದಲನೇದನ್ನ ಹಾಕ್ಲಾ? ಯಾರಿಗೂ ಗೊತ್ತಾಗಲ್ಲ. ಡೈರೆಕ್ಟರ್‌ಗೆ ನಾನು ಏನಾದ್ರೂ ಹೇಳ್ತೀನಿ, ನೀವು ಬಚಾವು."

ನಿಜ ಹೇಳುತ್ತೇನೆ, ಹೂಂ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನು ಗುಂಡಿ ಒತ್ತಿ ಎರಡನ್ನೂ ಒಂದಾದ ಮೇಲೊಂದು ತೋರಿಸಿದ. ಮೊದಲನೆಯದರಲ್ಲಿ ಅಂಗಿ ಸರಿಯಾಗಿತ್ತು, ಒಬ್ಬ ನಟ ತಟ್ಟೆ ತೊಳೆಯುತ್ತಿದ್ದ. ಮೂರನೆಯದು ಮುಗಿದಾಗ ಎಡಿಟರ್ ತಾನಾಗಿ ಅದನ್ನೇ ಇನ್ನೊಮ್ಮೆ ಹಾಕಿದ.

"ಇದನ್ನೇ ಇಡಿ," ಎಂದೆ. "ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ."

ಚಿತ್ರ ಬಿಡುಗಡೆಯಾಯಿತು. ಜನ ಆ ದೃಶ್ಯಕ್ಕೆ ಅತ್ತರು ಎಂದು ಕೇಳಿದೆ. ನಾನು ಹೋಗಲಿಲ್ಲ, ಧೈರ್ಯ ಬರಲಿಲ್ಲ. ಒಂದು ವಾರ ಗೆದ್ದೆ ಅಂದುಕೊಂಡೆ. ಎಂಟನೇ ದಿನ ನಾದಿನಿ ಫೋನಿಗೊಂದು ಚಿತ್ರ ಕಳಿಸಿದಳು. ಯಾರೋ ಪುಣ್ಯಾತ್ಮರು ಎರಡೂ ಶಾಟ್ ಪಕ್ಕಪಕ್ಕ ಇಟ್ಟು, ತೋಳಿನ ಸುತ್ತ ಕೆಂಪು ವೃತ್ತ ಎಳೆದು, "ಅಪ್ಪನಿಗೆ ಎಷ್ಟು ಕೈ?" ಎಂದು ಬರೆದಿದ್ದರು. ಕೆಳಗೆ ನಗುವ ಮುಖಗಳು ಸಾಲುಸಾಲು. "ಅತ್ತಿಗೆ, ಇದು ನಿಮ್ಮ ಸಿನಿಮಾನೇ ಅಲ್ವಾ?" ಎಂದು ನಾದಿನಿ ಕೇಳಿದ್ದಳು. ಅವಳದು ಬರೀ ಕುತೂಹಲ, ಆದರೂ ಅವಳ ಜುಟ್ಟು ಹಿಡಿದು ಎಳೆಯಬೇಕು ಅನ್ನಿಸಿತು. ಅದೇ ವಾರ ಮುಂದಿನ ಚಿತ್ರದ ಮ್ಯಾನೇಜರ್ ಫೋನ್ ಮಾಡಿ, ಈ ಸಲ ಬೇರೆಯವರನ್ನು ತೆಗೆದುಕೊಂಡಿದ್ದೇವೆ, ಬೇಜಾರು ಮಾಡ್ಕೋಬೇಡಿ ಎಂದ. ಅದರ ನಂತರದ ಚಿತ್ರದವರು ಫೋನ್ ಕೂಡ ಮಾಡಲಿಲ್ಲ.

ನನ್ನ ಕೆಲಸ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಮಾವನವರ ಸಂಗತಿ. ನಲವತ್ತು ವರ್ಷಕ್ಕೆ ಸಿಕ್ಕ ಒಂದು ದೃಶ್ಯ, ಅದು ನನ್ನಿಂದ ನಗೆಪಾಟಲಾಯಿತಲ್ಲ! ಕ್ಷಮೆ ಕೇಳದೆ ನನಗೆ ಅನ್ನ ಇಳಿಯುವಂತಿರಲಿಲ್ಲ. ಒಂದು ಮಧ್ಯಾಹ್ನ ವಿಳಾಸ ಹುಡುಕಿಕೊಂಡು ಹೋದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಾವನವರು ಕಿಟಕಿಯ ಪಕ್ಕ ಹಳೇ ಪೇಪರ್ ಹಾಸಿಕೊಂಡು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ತೋಳು ಇಳಿದಿದ್ದನ್ನು ನಾನು ನೋಡಲಿಲ್ಲ, ಅಳುತ್ತಾ ನಿಂತುಬಿಟ್ಟೆ, ನನ್ನಿಂದ ನಿಮ್ಮ ಕೆಲಸ ಹಾಳಾಯಿತು ಎಂದೆ.

ಅವರು ಉಗುರು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ತೋಳು ಇಳಿದಿದ್ದು ನನಗೆ ಗೊತ್ತಿತ್ತಮ್ಮ," ಎಂದರು.

"ಏನಂದ್ರಿ?"

"ನೀರಲ್ಲಿ ಅದ್ದಿಕೊಂಡ್ರೆ ಗೊತ್ತಾಗಲ್ವಾ? ತಣ್ಣಗಾಯ್ತು. ನಿಲ್ಲಿಸೋಣ ಅಂತ ತಲೆ ಎತ್ತಿದೆ. ಕ್ಯಾಮೆರಾ ಪಕ್ಕ ನೀವು ನಿಂತಿದ್ರಿ. ಎಷ್ಟು ಸಿನಿಮಾದಲ್ಲಿ ನನ್ನ ಎದುರಿಗೆ ನಿಂತಿದ್ದೀರಿ ನೀವು? ಯಾವತ್ತೂ ನನ್ನ ಗುಂಡಿ ನೋಡ್ತೀರಿ, ಚಪ್ಪಲಿ ನೋಡ್ತೀರಿ. ಅವತ್ತು ನನ್ನ ಮುಖ ನೋಡ್ತಾ ಇದ್ರಿ."

"ಹಾಗಿದ್ರೆ ಹೇಳಬಾರದಿತ್ತಾ?" ನನ್ನ ದನಿ ಏರಿತು. "ಕಟ್ ಆದ್ಮೇಲಾದ್ರೂ ಒಂದು ಮಾತು! ನನ್ನ ಕೆಲಸ ಹೋಯ್ತು ಗೊತ್ತಾ ನಿಮಗೆ?"

"ಗೊತ್ತಮ್ಮ. ನನ್ನ ಕಿವಿಗೂ ಬಿತ್ತು."

"ಮತ್ತೆ?"

"ಹೇಳಿದ್ದಿದ್ರೆ ನೀವು ಮತ್ತೆ ಹಾಳೆ ನೋಡೋಕೆ ಹೋಗ್ತಿದ್ರಿ," ಎಂದು ಅವರು ಇನ್ನೊಂದು ಕಾಲನ್ನು ಪೇಪರಿನ ಮೇಲಿಟ್ಟರು. "ಆಮೇಲೆ ನಾನು ಯಾರಿಗೆ ಅಂತ ಆ ಮಾತು ಹೇಳ್ಲಿ? ಕಟ್ ಆದ್ಮೇಲೆ ಹೇಳಿದ್ರೆ ಅದನ್ನ ಬಿಸಾಕ್ತಿದ್ರು. ನಾನು ಬಿಡ್ತೀನಾ?"

ಅಬ್ಬಾ, ಸ್ವಾರ್ಥಿ ಮುದುಕ! ಅಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿರಲಿಲ್ಲ. ಎದ್ದು ಬಾಗಿಲವರೆಗೆ ಹೋದೆ, ವಾಪಸ್ ಬಂದೆ, ಮತ್ತೆ ಹೋದೆ. ನನ್ನ ಇಪ್ಪತ್ತೆರಡು ವರ್ಷವನ್ನು ಒಂದು ಟೇಕಿಗಾಗಿ ನೀರಿಗೆ ಹಾಕಿದಿರಿ ಎಂದು ಆ ಮಹಡಿಯವರಿಗೆಲ್ಲ ಕೇಳುವಂತೆ ಕೂಗಿದೆ. ಅವರು ಉಗುರು ಕತ್ತರಿಸುತ್ತಲೇ ಇದ್ದರು, ಕ್ಷಮಿಸಿ ಅಂತಲೂ ಅನ್ನಲಿಲ್ಲ.

ನಾನು ಕೂಗಿ ಕೂಗಿ ಸುಸ್ತಾದ ಮೇಲೆ ಅವರು ಕೇಳಿದರು: "ನೀವು ಯಾಕೆ ಹೇಳ್ಲಿಲ್ಲ? ಅವತ್ತೇ ಸಂಜೆ ನಿಮಗೆ ಗೊತ್ತಾಗಿರುತ್ತಲ್ಲ."

ಬಸ್ಸಿನಲ್ಲಿ ಒತ್ತಿ ನಿಲ್ಲಿಸಿದ ಫೋನಿನ ಮಾತು ಯಜಮಾನರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅದನ್ನು ಈ ಮನುಷ್ಯನಿಗೆ ಹೇಳಬೇಕಾಗಿ ಬಂತು. ಹೇಳುತ್ತಿದ್ದಂತೆ ಅವರ ಕತ್ತರಿ ನಿಂತಿತು. ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. ಮುಖ ಕೆಂಪಾಗಿತ್ತು. ಇದು ನಟನೆಯೋ ಏನೋ ಎಂದು ಪರೀಕ್ಷಿಸುವ ಮನಸ್ಸು ನನಗೆ ಬರಲಿಲ್ಲ.

"ಎರಡು ಸಲ ಒತ್ತಿ ನಿಲ್ಲಿಸಿದ್ರಾ?" ಎಂದರು.

"ಎರಡು ಸಲ."

"ನಿಮ್ಮ ಜಾಗದಲ್ಲಿ ನಾನಾಗಿದ್ರೆ ಹೇಳ್ಬಿಡ್ತಿದ್ದೆ," ಎಂದರು. "ಬೇರೆಯವರ ಟೇಕ್ ಆಗಿದ್ರೆ, ನಾನು ಖಂಡಿತ ಹೇಳ್ಬಿಡ್ತಿದ್ದೆ."