ಪುನರ್ಪುಳಿ ನೀರಿನ ಬಣ್ಣ

ನನ್ನ ಗಂಡ ತೀರಿಹೋದ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಲಂಡನ್ನಿನ ರೇನರ್ಸ್ ಲೇನ್‌ನ ನಮ್ಮ ಫ್ಲ್ಯಾಟಿನಲ್ಲಿ ಕಿಟಕಿ ತೆರೆಯುವುದು, ಮುಚ್ಚುವುದು, ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಮಡಚುವುದು. ಒಂದು ಬೆಳಿಗ್ಗೆ ಅವರ ಲ್ಯಾಬಿನ ಹುಡುಗಿ ಫೋನ್ ಮಾಡಿದಳು. ಬೆಂಗಳೂರಿನವಳು, ಅವರ ಕೊನೆಯ ಪಿಎಚ್‌ಡಿ ವಿದ್ಯಾರ್ಥಿನಿ.

“ಆಂಟಿ, ಪುನರ್ಪುಳಿ ಅಂದ್ರೆ ಏನು?” ನಮ್ಮೂರ ಕಡೆಯ ಹುಳಿ ಹಣ್ಣು, ಕೋಕಂ, ಎಂದೆ.

ನನ್ನ ಗಂಡ ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧಕರಾಗಿದ್ದರು. ಲೋಹವನ್ನು ಇಂಗಾಲಕ್ಕೆ ಜೋಡಿಸಿ ವೇಗವರ್ಧಕ ತಯಾರಿಸುವುದರಲ್ಲೇ ಅವರ ಆಯುಷ್ಯ ಕಳೆಯಿತು. ಉಡುಪಿಯಲ್ಲಿ ಪಿಯುಸಿಗೆ ಓದು ನಿಲ್ಲಿಸಿದ ನಾನು ಒಮ್ಮೆ ಅವರನ್ನೇ, “ಹಾಲಿಗೆ ಹೆಪ್ಪು ಹಾಕಿದ ಹಾಗಾ?” ಎಂದು ಕೇಳಿದ್ದೆ.

“ಅಲ್ಲ ಮಾರಾಯ್ತಿ, ಹೆಪ್ಪು ಮೊಸರಲ್ಲೇ ಸೇರಿಹೋಗ್ತದೆ. ಇದು ಎಲ್ಲರ ಹತ್ರ ಕೆಲಸ ಮಾಡಿಸಿ, ತಾನು ಇದ್ದ ಹಾಗೇ ಹೊರಗೆ ಬರ್ತದೆ. ನಿನ್ನ ಅಮ್ಮನ ಹಾಗೆ.”

ಅವರ ಕೊನೆಯ ವೇಗವರ್ಧಕ ಹುಡುಗಿಯ ಕೈಯಲ್ಲಿ ಮೂರು ಸಲ ಕೆಟ್ಟಿತ್ತು. ಮತ್ತೆ ಮಾಡಿ ತೋರಿಸಲಾಗದಿದ್ದರೆ ಪ್ರಬಂಧದಿಂದ ಅದನ್ನು ಕೈಬಿಡಬೇಕಂತೆ. ಅವರು ಇಂಗ್ಲಿಷಿನಲ್ಲಿ ಬರೆದ ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡದ ಒಂದೇ ಸಾಲು: ‘ನಮ್ಮನೆ ಪುನರ್ಪುಳಿ ನೀರಿನ ಬಣ್ಣ ಬಂದ ಕೂಡಲೇ ನಿಲ್ಲಿಸುವುದು.’ ತಡವಾದರೆ ದ್ರಾವಣ ಕಂದಾಗಿ ಕೆಡುತ್ತದೆ.

“ನೆಟ್ಟಲ್ಲಿ ನೋಡ್ದೆ ಆಂಟಿ. ಒಂದೊಂದು ಫೋಟೋದಲ್ಲಿ ಒಂದೊಂದು ಬಣ್ಣ. ನಿಮ್ಮನೇದು ಹೇಗಿರತ್ತೆ?”

ಅದನ್ನು ಬಾಯಲ್ಲಿ ಹೇಳುವುದು ಹೇಗೆ? ನಮ್ಮವರ ಅಂಗಡಿಗಳಿರುವ ಸೌತ್‌ಹಾಲ್‌ಗೆ ಹೋಗಿ ಪುನರ್ಪುಳಿಯ ಒಣ ಸಿಪ್ಪೆ ತಂದೆ. ನೆನೆಸಿ, ಕಿವುಚಿ, ಸೋಸಿ, ಗಾಜಿನ ಬಾಟಲಿಗೆ ತುಂಬಿಕೊಂಡು ಟ್ಯೂಬ್ ರೈಲು ಹತ್ತಿದೆ. ಕೂರಲು ಜಾಗವಿದ್ದರೂ ನಿಂತೇ ಹೋದೆ.

ಲ್ಯಾಬಿನೊಳಗೆ ತಿನ್ನುವ ಕುಡಿಯುವ ವಸ್ತು ಒಯ್ಯುವಂತಿಲ್ಲ. ಕಾರಿಡಾರಿನಲ್ಲಿ ನಿಂತು ಬಾಟಲಿಯನ್ನು ಗಾಜಿನ ಗೋಡೆಗೆ ಒತ್ತಿ ಹಿಡಿದೆ. ಒಳಗೆ ಹುಡುಗಿಯ ಫ್ಲಾಸ್ಕಿನಲ್ಲಿ ಹಳದಿ ದ್ರಾವಣ ಕೆಂಪಾಗುತ್ತ ಬಂತು. ನನ್ನ ಬಾಟಲಿಯಷ್ಟು ಗಾಢವಾಗಲೆಂದು ಅವಳು ಕಾದಳು. ಆ ಬಣ್ಣ ಬರುವ ಮೊದಲೇ ಕಂದಾಗಿಹೋಯಿತು.

ಹೊರಗೆ ಬಂದು, “ಇನ್ನೊಂದು ಸಲಕ್ಕೆ ಆಗೋಷ್ಟೇ ಲೋಹದ ಪುಡಿ ಇರೋದು ಆಂಟಿ” ಎಂದಳು.

ಕಾರಿಡಾರಿನ ಕೊನೆಯಲ್ಲಿ ಯಾರೋ ಲೋಟಕ್ಕೆ ನೀರು ಹಿಡಿಯುತ್ತಿದ್ದರು. ಆ ಸದ್ದಿಗೆ ನನಗೆ ನಮ್ಮ ಅಡುಗೆಮನೆ ನೆನಪಾಯಿತು. ನಾನು ಮಾಡಿಕೊಟ್ಟ ಪುನರ್ಪುಳಿಗೆ ಅವರು ನಲ್ಲಿಯಿಂದ ಮತ್ತೆ ನೀರು ಬೆರೆಸುತ್ತಿದ್ದರು.

“ನಾನು ಮಾಡಿದ್ದು ಹಿಡಿಸ್ಲಿಲ್ವಾ?” ಎಂದು ಚುಚ್ಚಿದ್ದೆ.

“ಲಂಡನ್ನಿನ ನೀರು ಖಾಲಿ ಮಾಡ್ತಾ ಇದ್ದೇನೆ” ಎಂದಿದ್ದರು.

ಹೊಟ್ಟೆಗೆ ಹುಳಿ ತಡೆಯುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಆಸ್ಪತ್ರೆ ಸೇರಿದ ಮೇಲೆ.

ಬಾಟಲಿಯ ಅರ್ಧ ಚೆಲ್ಲಿ, ಅಲ್ಲಿಯೇ ನೀರು ತುಂಬಿದೆ. ತಿಳಿ ಕೆಂಪಾಯಿತು. ಮತ್ತೆ ಗಾಜಿಗೆ ಹಿಡಿದೆ. ಒಳಗೆ ಹೋಗಿ ಮತ್ತೆ ಶುರುಮಾಡಿದ ಹುಡುಗಿಯ ಕಣ್ಣು ಫ್ಲಾಸ್ಕಿನಿಂದ ನನ್ನ ಕೈಗೆ, ನನ್ನ ಕೈಯಿಂದ ಫ್ಲಾಸ್ಕಿಗೆ ಓಡುತ್ತಿತ್ತು. ಎರಡೂ ಒಂದೇ ಆದ ಕೂಡಲೇ ಅವಳು ನಿಲ್ಲಿಸಿದಳು.

ಎರಡು ದಿನ ಬಿಟ್ಟು ಫೋನ್ ಬಂತು. “ಬಂತು ಆಂಟಿ! ಸರ್‌ದೇ! ಪರೀಕ್ಷೆ ಮಾಡಿಯೂ ನೋಡ್ದೆ!”

“ಒಳ್ಳೆದಾಯ್ತು ಮಗಾ” ಎಂದೆ. ನೋಟ್‌ಬುಕ್ಕಿನ ಆ ಪುಟದ ಮೇಲಿನ ತಾರೀಖು ಏನೆಂದು ಕೇಳಿದೆ. ಅವಳು ಹೇಳಿದಳು. ಅವರ ಹೊಟ್ಟೆನೋವಿಗೆಂದು ಡಾಕ್ಟರ ಹತ್ತಿರ ನಾವು ಮೊದಲ ಸಲ ಹೋಗುವುದಕ್ಕಿಂತ ಒಂದು ವರ್ಷ ಹಿಂದಿನದು. ಆಗಲೇ ಅವರ ಲೋಟದ ಪುನರ್ಪುಳಿ ತಿಳಿಯಾಗಿತ್ತು.

ಫೋನ್ ಇಟ್ಟು ಕಿಟಕಿ ತೆರೆದೆ. ಆಮೇಲೆ ಮುಚ್ಚಿದೆ.