ಬಂದವರಿಗೆ ಬೆಲ್ಲ ನೀರು

ಅಪ್ಪ ಠಾಣೆ ಪಟ್ಟಣದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಸಂಜೆ ಪಕ್ಕದ ಕಳವಾ ಎಂಬ ಊರಿನಲ್ಲಿದ್ದ ನಮ್ಮ ಒಂದೇ ಕೋಣೆಯ ಮನೆಗೆ ಬರುವಾಗ ಕಂಕುಳಲ್ಲಿ ಹೋಟೆಲಿನ ಕನ್ನಡ ಪೇಪರು. ದಿನವಿಡೀ ಗಿರಾಕಿಗಳು ತಿರುವಿ ಹಾಕಿದ ಅದಕ್ಕೆ ಸಾಂಬಾರಿನ ಕಲೆ, ಚಟ್ನಿಯ ವಾಸನೆ. ಮರಾಠಿ ಶಾಲೆಗೆ ಹೋಗುತ್ತಿದ್ದ ನಾನು ಕನ್ನಡ ಓದಲು ಕಲಿತದ್ದು ಆ ಪೇಪರಿನಲ್ಲೇ. ನಾನು ಗಟ್ಟಿಯಾಗಿ ಓದಬೇಕು, ಅಮ್ಮ ಒಗ್ಗರಣೆ ಹಾಕುತ್ತ ಕೇಳಬೇಕು, ತಪ್ಪಿದರೆ ಅಪ್ಪ ನಗಬೇಕು. ಸಿಟ್ಟು ಬಂದು ನಾನು ಪೇಪರು ಎಸೆಯುವುದೂ ದಿನಾ ಇದ್ದದ್ದೇ.

ಅಪ್ಪ ತೀರಿಕೊಂಡ ಮೇಲೆ ಪೇಪರು ನಿಂತಿತು, ಅಮ್ಮನ ಊಟವೂ ನಿಂತಂತಾಯಿತು. ಎರಡು ತುತ್ತು ತಿಂದು ಕೈ ತೊಳೆದುಬಿಡುತ್ತಿದ್ದಳು. ರವಿಕೆಗಳೆಲ್ಲ ಸಡಿಲವಾದವು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು ಡಾಕ್ಟರು. ಬೈದೆ, ಗೋಗರೆದೆ, ನೀನು ಉಣ್ಣದಿದ್ದರೆ ನಾನೂ ಉಣ್ಣುವುದಿಲ್ಲ ಎಂದು ಹಟ ಹಿಡಿದೆ.

"ನಿನ್ನ ನಾಟಕ ನನಗೆ ಗೊತ್ತುಂಟು. ಸ್ಟೇಷನ್ನಲ್ಲಿ ವಡಾಪಾವ್ ತಿಂದು ಬಂದಿರ್ತಿ," ಎಂದಳು. ತಿಂದದ್ದು ಹೌದು ಎನ್ನಿ.

ಆಗ ಕಂಡಕಂಡವರೆಲ್ಲ ಬ್ಲಾಗ್ ಬರೆಯುತ್ತಿದ್ದ ಕಾಲ. ನಮ್ಮ ಹಳೇ ಕಂಪ್ಯೂಟರಿಗೂ ಕೇಬಲಿನವನು ಇಂಟರ್ನೆಟ್ ವೈರು ಎಳೆದುಕೊಟ್ಟಿದ್ದ. ಯಾರ ಹತ್ತಿರವೂ ಹೇಳಲಾಗದ್ದನ್ನು ನಾನು ಅಲ್ಲಿ ಬರೆದೆ: ಅಪ್ಪ, ಚಟ್ನಿ ವಾಸನೆಯ ಪೇಪರು, ಉಣ್ಣದ ಅಮ್ಮ. ಇದನ್ನು ಯಾರು ಓದುತ್ತಾರೆ ಮಹಾ ಅಂದುಕೊಂಡಿದ್ದೆ. ಭಾನುವಾರ ತೆರೆದು ನೋಡಿದರೆ ಕೆಳಗೆ ಐದಾರು ಮಂದಿ ಕಾಮೆಂಟು ಬರೆದಿದ್ದರು. ಒಬ್ಬರು ತಮ್ಮ ಅಪ್ಪನೂ ಹೋಟೆಲಿನಲ್ಲೇ ಇದ್ದರು ಎಂದಿದ್ದರು. ಇನ್ನೊಬ್ಬರು, ಬರೆಯುವುದನ್ನು ಮಾತ್ರ ಬಿಡಬೇಡಿ ಎಂದಿದ್ದರು. ಮುಖ ಕಾಣದವರ ಆ ನಾಲ್ಕು ಸಾಲುಗಳಿಗೆ ನಾನು ಗೊಳೋ ಎಂದು ಅತ್ತುಬಿಟ್ಟೆ. ಅಮ್ಮನಿಗೆ ಅದನ್ನೆಲ್ಲ ಹಿಂದಿನಂತೆ ಗಟ್ಟಿಯಾಗಿ ಓದಿ ಹೇಳಿದೆ.

ಅವರಿಗೆ ಏನು ಉತ್ತರ ಕೊಟ್ಟೆ ಎಂದು ಕೇಳಿದಳು. ಏನೂ ಇಲ್ಲ ಎಂದೆ.

"ಮನೆಗೆ ಬಂದವರನ್ನು ಬೆಲ್ಲ ನೀರೂ ಕೊಡದೆ ಕಳಿಸಿದಿಯಾ?"

ಉಡುಪಿ ಕಡೆಯ ಅವಳ ತವರಿನಲ್ಲಿ ಅಂಗಳಕ್ಕೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಅವಳ ಪ್ರಕಾರ ಇವರೂ ಅಂಗಳಕ್ಕೆ ಬಂದವರೇ. ಅಂದಿನಿಂದ ಪ್ರತಿ ಭಾನುವಾರ ಅವಳು ಸ್ಟೂಲು ಎಳೆದುಕೊಂಡು ಕೂತು ತುಳುವಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಟೈಪ್ ಮಾಡುವುದು. ಎಲ್ಲರಿಗೂ ಒಂದೇ ವಿಚಾರಣೆ: ಊರು ಯಾವುದು, ಊಟ ಆಯಿತಾ. ಮರ್ಯಾದೆ ಹೋಗ್ತದೆ ಅಮ್ಮ ಎಂದರೆ ಕೇಳುವವಳೇ ಅಲ್ಲ. ಅಷ್ಟಾದರೂ ಅವಳ ಊಟ ಮಾತ್ರ ಅದೇ ಎರಡು ತುತ್ತು.

ಕಾಮೆಂಟು ಬರೆಯುವವರಲ್ಲಿ ಸಾನಪಾಡಾದ ಒಬ್ಬರಿದ್ದರು, ಧಾರವಾಡದ ಕಡೆಯ ಹೆಂಗಸು. ನಮ್ಮಲ್ಲಿಂದ ಲೋಕಲ್ ರೈಲಿನಲ್ಲಿ ಹೋದರೆ ಏನು ಮಹಾ ದೂರ, ಆದರೂ ನಾವು ಕೊನೆಗೂ ಭೇಟಿಯಾಗಲಿಲ್ಲ. ಈಗ ಆ ಬ್ಲಾಗೂ ಇಲ್ಲ, ಅವರೆಲ್ಲಿದ್ದಾರೋ ಗೊತ್ತಿಲ್ಲ. ಒಂದು ಭಾನುವಾರ ಅವರು ಬರೆದದ್ದು ಇಷ್ಟು:

"ಊಟ ಆತೇನು ಅಂತ ಎಲ್ಲಾರನ್ನೂ ಕೇಳ್ತೀರಿ. ನಿಮ್ಮ ಅವ್ವಾರು ಉಂಡಾರೇನ್ರಿ? ಅವರು ಉಣ್ಣೂತನಕ ನಾನೂ ಉಣ್ಣಂಗಿಲ್ಲ. ರೊಟ್ಟಿ ಮುಚ್ಚಿಟ್ಟು ಕುಂತೀನಿ."

ಉಂಡಾಯಿತು ಅಂತ ಬರೆದುಬಿಡು ಎಂದಳು ಅಮ್ಮ. ಸುಳ್ಳು ಬೇಕಾದರೆ ನೀನೇ ಬರಿ ಎಂದು ನಾನು ಕೀಬೋರ್ಡಿನಿಂದ ಕೈ ತೆಗೆದೆ. ಮಧ್ಯಾಹ್ನ ಮೀರುತ್ತಿತ್ತು. ಅವಳು ಒಮ್ಮೆ ಗಡಿಯಾರ ನೋಡಿದಳು, ಒಮ್ಮೆ ಕಂಪ್ಯೂಟರ್ ನೋಡಿದಳು. ಯಾರ ಮಗಳೋ ಏನೋ, ನನ್ನಿಂದಾಗಿ ಹಸಿದು ಕೂರಬೇಕಾ ಎಂದು ಗೊಣಗುತ್ತ ಎದ್ದಳು.

ಕುಚ್ಚಲಕ್ಕಿ ಅನ್ನ, ಸಾರು, ಉಪ್ಪಿನಕಾಯಿ. ತಟ್ಟೆ ಹಿಡಿದು ಬಂದು, ಆ ಹೆಂಗಸಿಗೆ ಕಾಣಲಿ ಎಂಬಂತೆ ಕಂಪ್ಯೂಟರಿನ ಎದುರೇ ಕೂತು ಉಂಡಳು. ನಡುವೆ, ಇನ್ನೊಂದು ಸೌಟು ಹಾಕು ಎಂದು ತಟ್ಟೆ ಚಾಚಿದಳು. ನಾನು ಬಡಿಸಿದೆ.

ಕೈ ತೊಳೆದು ಬಂದು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು:

"ಈಗ ಬರಿ. ನಂದು ಊಟ ಆಯ್ತು, ನೀನು ಬೇಗ ಉಣ್ಣು ಮಗಾ ಅಂತ."